ಗುಡ್ಡ ಬಿಟ್ಟುಕೊಟ್ಟ ಜಾಗದಲ್ಲಿ ಬೆಳೆದ ಊರು: ಮಸ್ಕತ್‌ಗೆ ಹೊಸದಾಗಿ ಬಂದವರಿಗೆ

(ಚಳಿಗಾಲದ ಒಂದು ಶುಕ್ರವಾರ ಸಂಜೆ, ಒಮಾನ್‌ನ ರಾಜಧಾನಿ ಮಸ್ಕತ್‌ಗೆ ಹೊಸದಾಗಿ ಬಂದ ಕನ್ನಡ ಕುಟುಂಬಗಳ ಮುಂದೆ ಆಡಿದ ಮಾತುಗಳು. ಬರೆಯುವಾಗ ಸ್ವಲ್ಪ ತಿದ್ದಿದ್ದೇನೆ, ಜಾಸ್ತಿ ಏನಿಲ್ಲ.)

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಇದು ದುಬೈ ಅಲ್ಲ. ಊರಲ್ಲಿ ನೆಂಟರಿಗೆ ಮಸ್ಕತ್ ಅಂದರೆ "ಹಾಂ, ದುಬೈ ಹತ್ರ ಅಲ್ವಾ" ಅನ್ನುತ್ತಾರೆ. ಅವರಿಗೆ ಹೂಂ ಅಂದು ಸುಮ್ಮನಿದ್ದುಬಿಡಿ. ಆದರೆ ನೀವೇ ಅದನ್ನು ನಂಬಿಕೊಂಡು ಬಂದಿದ್ದರೆ ಮೊದಲ ತಿಂಗಳು ಬೇಜಾರಾಗುತ್ತದೆ. ಇಲ್ಲಿ ಮುಗಿಲು ಮುಟ್ಟುವ ಕಟ್ಟಡ ಇಲ್ಲ. ಮೆಟ್ರೋ ಇಲ್ಲ. ಕಟ್ಟಡ ಎಷ್ಟು ಎತ್ತರ ಇರಬೇಕು, ಯಾವ ಬಣ್ಣ ಬಳಿಯಬೇಕು ಅನ್ನುವುದಕ್ಕೂ ನಗರಪಾಲಿಕೆಯ ಕಟ್ಟಳೆ ಇದೆ. ಹಾಗಾಗಿ ಊರಿಗೆ ಊರೇ ಬಿಳಿ, ಇಲ್ಲವಾದರೆ ಕೆನೆ ಬಣ್ಣ. ಹಿಂದೆ ಕಪ್ಪು ಕಂದು ಗುಡ್ಡ, ಮುಂದೆ ಸಮುದ್ರ. ಹೊಸಬರು ಇದನ್ನು ಡಲ್ ಅನ್ನುತ್ತಾರೆ. ನನಗಂತೂ ಈ ನಿಧಾನವೇ ಇಷ್ಟ.

ಇವತ್ತು ನಾನು ಜಾಸ್ತಿ ಮಾತಾಡುವುದು ಆ ಗುಡ್ಡಗಳ ಬಗ್ಗೆಯೇ. ಮನೆ, ಟ್ರಾಫಿಕ್, ಸೆಕೆ ಬಗ್ಗೆ ಹೇಳಿ ಅಂದರೆ ಇವನೇನು ಗುಡ್ಡ ಅನ್ನುತ್ತಾನೆ ಅಂದುಕೊಳ್ಳಬೇಡಿ. ಇಲ್ಲಿ ಮನೆ, ಟ್ರಾಫಿಕ್, ಸೆಕೆ, ಮಳೆ ನಾಲ್ಕೂ ಗುಡ್ಡದ ಕೈಯಲ್ಲಿವೆ. ಹಜರ್ ಪರ್ವತದ ಸಾಲು ಇಲ್ಲಿ ಸಮುದ್ರದ ತನಕ ಬಂದು ನಿಂತುಬಿಟ್ಟಿದೆ. ಹುಲ್ಲು ಕಡ್ಡಿ ಇಲ್ಲದ ಬೋಳು ಬಂಡೆ. ಅದರಲ್ಲಿ ತುಂಬಾ ಭಾಗ ಒಂದು ಕಾಲದಲ್ಲಿ ಸಮುದ್ರದ ತಳದಲ್ಲಿದ್ದದ್ದು, ಭೂಮಿ ಒತ್ತಿ ಮೇಲೆ ತಂದದ್ದು. ಇದನ್ನು ನೋಡಲೆಂದೇ ಬೇರೆ ಬೇರೆ ದೇಶದ ಭೂವಿಜ್ಞಾನಿಗಳು ಬರುತ್ತಾರೆ. ನಮಗೆ ಬೇಕಾದ್ದು ಇಷ್ಟು: ಈ ಬಂಡೆಗಳ ಮಧ್ಯೆ ಎಲ್ಲೆಲ್ಲಿ ಸ್ವಲ್ಪ ಸಪಾಟು ಜಾಗ ಸಿಕ್ಕಿತೋ ಅಲ್ಲಲ್ಲಿ ಊರು ಬೆಳೆಯಿತು. ಹಾಗಾಗಿ ಮಸ್ಕತ್ ದುಂಡಗಿಲ್ಲ. ಕರಾವಳಿಯುದ್ದಕ್ಕೂ ಎಳೆದುಕೊಂಡು ಹೋಗಿದೆ. ವಿಮಾನ ನಿಲ್ದಾಣದಿಂದ ಹಳೆ ಬಂದರಿನ ಕೇರಿ ಮತ್ರಾಕ್ಕೆ ಸುಮಾರು 35 ಕಿ.ಮೀ., ಆದರೂ ನೀವು ಇನ್ನೂ ಅದೇ ಊರಿನಲ್ಲಿರುತ್ತೀರಿ. 2020ರ ಜನಗಣತಿ ಪ್ರಕಾರ ಇಡೀ ಮಸ್ಕತ್ ಪ್ರಾಂತ್ಯದಲ್ಲಿ ಇದ್ದವರು ಸುಮಾರು 13 ಲಕ್ಷ ಮಂದಿ. ಬೆಂಗಳೂರಿನ ಲೆಕ್ಕದಲ್ಲಿ ಅದು ಒಂದು ಮೂಲೆ. ಆದರೂ ಬೆಳಿಗ್ಗೆ 7 ಗಂಟೆಗೆ ಸುಲ್ತಾನ್ ಖಾಬೂಸ್ ರಸ್ತೆಯಲ್ಲಿ ಗಾಡಿ ನಿಂತಿರುತ್ತದೆ, ಯಾಕೆಂದರೆ ಊರು ಉದ್ದಕ್ಕಿದೆ ಮತ್ತು ಆ ಉದ್ದಕ್ಕೆ ಇರುವ ದೊಡ್ಡ ರಸ್ತೆ ಅಂದರೆ ಇದು, ಇನ್ನೊಂದು ಗುಡ್ಡದ ಕಡೆಯ ಎಕ್ಸ್‌ಪ್ರೆಸ್‌ವೇ.

ಊರಿನ ಹುಟ್ಟಿನ ಬಗ್ಗೆ ಸ್ವಲ್ಪ ಹೇಳುತ್ತೇನೆ. ಸ್ವಲ್ಪವೇ. ನಿಜವಾದ ಮಸ್ಕತ್ ಅಂದರೆ ಅಲ್ ಆಲಂ ಅರಮನೆ ಇರುವ ಪುಟ್ಟ ಕೊಲ್ಲಿ. ಎರಡು ಕಡೆ ಜಲಾಲಿ, ಮಿರಾನಿ ಕೋಟೆಗಳು. 1507ರಲ್ಲಿ ಪೋರ್ಚುಗೀಸರು ಬಂದು ಊರನ್ನು ಸುಟ್ಟು ಹಿಡಿದರು, 1650ರಲ್ಲಿ ಒಮಾನಿಗಳು ಅವರನ್ನು ಓಡಿಸಿದರು. ಮೂರು ಕಡೆ ಗುಡ್ಡ, ಒಂದು ಕಡೆ ಸಮುದ್ರ, ಗುಡ್ಡ ಇಲ್ಲದ ಕಡೆ ಗೋಡೆ. 1970ರ ತನಕ ರಾತ್ರಿ ಆ ಗೋಡೆಯ ಬಾಗಿಲು ಹಾಕುತ್ತಿದ್ದರು, ಕತ್ತಲಾದ ಮೇಲೆ ಓಡಾಡುವವರು ಕೈಯಲ್ಲಿ ಲಾಟೀನು ಹಿಡಿಯಲೇಬೇಕಿತ್ತು. ಇಡೀ ದೇಶದಲ್ಲಿ ಆಗ ಇದ್ದ ಡಾಂಬರು ರಸ್ತೆ ಸುಮಾರು 10 ಕಿ.ಮೀ., ಶಾಲೆಗಳು ಮೂರು. ಆ ವರ್ಷ ಜುಲೈನಲ್ಲಿ ಸುಲ್ತಾನ್ ಖಾಬೂಸ್ ಅಧಿಕಾರಕ್ಕೆ ಬಂದರು, 2020ರ ಜನವರಿಯಲ್ಲಿ ತೀರಿಕೊಳ್ಳುವ ತನಕ ಆಳಿದರು. ನೀವು ನೋಡುತ್ತಿರುವ ಊರು ಹೆಚ್ಚುಕಮ್ಮಿ ಪೂರ್ತಿ ಆ ಐವತ್ತು ವರ್ಷದ್ದು. ಇವತ್ತು ಬ್ಯಾಂಕುಗಳು ಸಾಲಾಗಿ ನಿಂತಿರುವ ರೂವಿ ಇದೆಯಲ್ಲ, 1973ರ ತನಕ ಅಲ್ಲಿ ವಿಮಾನ ಇಳಿಯುತ್ತಿತ್ತು. ಬೈತ್ ಅಲ್ ಫಲಜ್ ಅನ್ನುವ ಹಳೆ ಕೋಟೆಯ ಪಕ್ಕ ರನ್‌ವೇ. ಗುಡ್ಡಗಳ ಸಂದಿಯಲ್ಲಿ ಅದು ಹೇಗೆ ಇಳಿಯುತ್ತಿತ್ತೋ, ಪೈಲಟ್‌ಗಳೇ ಹೇಳಬೇಕು.

ನಮ್ಮ ಕರಾವಳಿಗೂ ಈ ಕೊಲ್ಲಿಗೂ ಹಳೆ ನಂಟು. ಅದು ಗಲ್ಫ್ ನೌಕರಿಯಿಂದ ಶುರುವಾದದ್ದಲ್ಲ. ಮಂಗಳೂರು, ಬಸ್ರೂರಿನ ಅಕ್ಕಿ ಶತಮಾನಗಳ ಕಾಲ ಇಲ್ಲಿಗೆ ಬರುತ್ತಿತ್ತು. ಕೆಳದಿ ಅರಸರ ಕಾಲದಲ್ಲಿ ಈ ಅಕ್ಕಿ ವ್ಯಾಪಾರಕ್ಕಾಗಿ ಪೋರ್ಚುಗೀಸರಿಗೂ ಮಸ್ಕತ್‌ನ ಅರಬರಿಗೂ ಜಗಳವೇ ಆಗುತ್ತಿತ್ತು. ಟಿಪ್ಪು ಸುಲ್ತಾನ್ ಇಲ್ಲಿ ಮೈಸೂರಿನದ್ದೇ ಒಂದು ವ್ಯಾಪಾರದ ಕೋಠಿ ಇಟ್ಟಿದ್ದ. ಇಲ್ಲಿದ್ದ ತನ್ನ ದರೋಗನಿಗೆ, ಅಂದರೆ ಕೋಠಿಯ ಅಧಿಕಾರಿಗೆ, ರೇಷ್ಮೆ ಹುಳು ಕಳಿಸು ಅಂತ ಬರೆದ ಪತ್ರಗಳಿವೆ. ಇನ್ನೊಂದು ವಿಷಯ ಕೇಳಿದರೆ ನಿಮ್ಮ ಮಕ್ಕಳು ನಂಬುವುದಿಲ್ಲ: 1970ರ ತನಕ ಈ ಊರಿನ ಅಂಗಡಿಗಳಲ್ಲಿ ನಡೆಯುತ್ತಿದ್ದದ್ದು ನಮ್ಮ ರಿಸರ್ವ್ ಬ್ಯಾಂಕ್ ಕೊಲ್ಲಿ ದೇಶಗಳಿಗೆಂದೇ ಅಚ್ಚು ಹಾಕಿದ ರೂಪಾಯಿ ನೋಟು.

ಸರಿ, ಈಗ ಮನೆ ವಿಷಯ. ಇದೇ ಮುಖ್ಯ, ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಬಂದವರೆಲ್ಲ ಕೇಳುವ ಮೊದಲ ಪ್ರಶ್ನೆ "ಬಾಡಿಗೆ ಎಷ್ಟು?" ಕೇಳಬೇಕಾದ್ದು "ಆಫೀಸು ಯಾವ ಕಡೆ, ಮಕ್ಕಳ ಶಾಲೆ ಯಾವ ಕಡೆ, ಮಧ್ಯೆ ಗುಡ್ಡ ಇದೆಯಾ?" ರೂವಿ, ಹಮ್ರಿಯಾ, ವಾದಿ ಕಬೀರ್, ದಾರ್ಸೈತ್ ಇವೆಲ್ಲ ಹಳೆ ಭಾರತೀಯರ ಜಾಗ. ಮನೆ ಕೆಳಗೇ ಅಂಗಡಿ, ದೋಸೆ ಹೋಟೆಲು, ದರ್ಜಿ, ದುಡ್ಡು ಕಳಿಸುವ ಎಕ್ಸ್‌ಚೇಂಜು. ಕಾರಿಲ್ಲದೆ ಬದುಕಬಹುದು. ಆದರೆ ಸುತ್ತ ಗುಡ್ಡ, ಗಾಳಿ ಕಡಿಮೆ. ಹಗಲಿಡೀ ಕಾದ ಬಂಡೆ ರಾತ್ರಿ ಆ ಬಿಸಿಯನ್ನು ಬಿಡುತ್ತದೆ, ಜೂನ್ ತಿಂಗಳಲ್ಲಿ ರಾತ್ರಿ 11ಕ್ಕೆ ಹೊರಗೆ ಹೋದರೂ ಕಾವಲಿ ಪಕ್ಕ ನಿಂತ ಹಾಗಿರುತ್ತದೆ. ಅಲ್ ಖುವೈರ್, ಘುಬ್ರಾ, ಬೌಶರ್ ನಡು ಊರು. ಆಫೀಸುಗಳು, ಆಸ್ಪತ್ರೆಗಳು, ಮಾಲುಗಳು ಎಲ್ಲ ಹತ್ತಿರ, ಬಾಡಿಗೆಯೂ ಅದಕ್ಕೆ ತಕ್ಕಂತೆ. ಕುರುಮ್, ಶಾತಿ ಕಡೆ ಸಮುದ್ರದ ಗಾಳಿ, ಆದರೆ ಅದು ಕಂಪನಿ ಮನೆ ಕೊಟ್ಟವರಿಗೆ. ಸೀಬ್, ಮಾಬೇಲಾ ಕಡೆ ಗುಡ್ಡ ಹಿಂದೆ ಸರಿಯುತ್ತದೆ, ಜಾಗ ಅಗಲ, ಮನೆ ಅಗ್ಗ, ಬೆಳಿಗ್ಗೆ ಪಟ್ಟಣದ ಕಡೆ ಬರುವ ಟ್ರಾಫಿಕ್ ಅದಕ್ಕೆ ಕೊಡುವ ಬೆಲೆ. ಅಮರಾತ್ ಗುಡ್ಡದ ಆಚೆ. ಅಲ್ಲಿಗೆ ಬೌಶರ್‌ನಿಂದ ಗುಡ್ಡ ಕಡಿದು ಮಾಡಿದ ರಸ್ತೆ ಇದೆ, ನಮ್ಮವರು ಅದನ್ನು ಘಾಟಿ ಅಂತಲೇ ಕರೆಯುತ್ತಾರೆ. ಚಾರ್ಮಾಡಿ ಹತ್ತಿ ಇಳಿದವರಿಗೆ ಅದು ಏನೂ ಅಲ್ಲ, ಆದರೆ ಇಳಿಜಾರು ತುಂಬಾ ಕಡಿದು, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ, ಗೇರ್ ಕಡಿಮೆ ಮಾಡಿ.

ಎರಡು ಬೆಡ್‌ರೂಮಿನ ಸಾಧಾರಣ ಮನೆಗೆ 200ರಿಂದ 300 ರಿಯಾಲ್ ಆಸುಪಾಸು ಅಂತ ಲೆಕ್ಕ ಇಟ್ಟುಕೊಳ್ಳಿ, ಜಾಗ ನೋಡಿ ಮೇಲೆ ಕೆಳಗೆ ಆಗುತ್ತದೆ. ಬಾಡಿಗೆ ಕರಾರು ನಗರಪಾಲಿಕೆಯಲ್ಲಿ ನೋಂದಣಿ ಆಗಬೇಕು, ಇಲ್ಲಿ ಅದಕ್ಕೆ ಬಲದಿಯಾ ಅನ್ನುತ್ತಾರೆ. "ನೋಂದಣಿ ಯಾಕೆ, ನಾವು ನಾವೇ ನೋಡ್ಕೊಳ್ಳೋಣ" ಅನ್ನುವ ಮಾಲೀಕರೂ ಇದ್ದಾರೆ. ಒಪ್ಪಬೇಡಿ. ಆ ಕಾಗದ ಇಲ್ಲದಿದ್ದರೆ ನಾಳೆ ಬಾಡಿಗೆ ಏರಿಸಿದಾಗ ಕೇಳೋಕೆ ಜಾಗ ಇರುವುದಿಲ್ಲ. ತುಂಬಾ ಕಡೆ ಮುಂದಿನ ತಾರೀಕು ಹಾಕಿದ ಚೆಕ್ ಕೇಳುತ್ತಾರೆ. ಖಾತೆಯಲ್ಲಿ ದುಡ್ಡು ಇರುತ್ತದೆ ಅಂತ ಖಾತ್ರಿ ಇದ್ದರೆ ಮಾತ್ರ ಕೊಡಿ, ಚೆಕ್ ಬೌನ್ಸ್ ಆದರೆ ಇಲ್ಲಿ ಅದು ಪೊಲೀಸು, ಕೋರ್ಟು ತನಕ ಹೋಗುವ ವಿಷಯ.

ಮನೆ ನೋಡುವಾಗ ಎ.ಸಿ. ಕಿಟಕಿಯದ್ದಾ ಸ್ಪ್ಲಿಟ್ಟಾ ನೋಡಿ. ಹಳೆ ಕಟ್ಟಡಗಳಲ್ಲಿ ಕಿಟಕಿ ಎ.ಸಿ. ಗುಂಯ್‌ಗುಡುವ ಸದ್ದಿಗೆ ಮೊದಲ ವಾರ ನಿದ್ದೆ ಬರುವುದಿಲ್ಲ, ಆಮೇಲೆ ಊರಿಗೆ ಹೋದಾಗ ಆ ಸದ್ದು ಇಲ್ಲದೆ ನಿದ್ದೆ ಬರುವುದಿಲ್ಲ. ನೀರಿನ ಟ್ಯಾಂಕು ಮೇಲೆ ಬಿಸಿಲಲ್ಲಿ ಇರುತ್ತದೆ. ಮೇ ಬಂತು ಅಂದರೆ ತಣ್ಣೀರಿನ ನಲ್ಲಿ ತಿರುಗಿಸಿದರೆ ಕೈ ಸುಡುವ ನೀರು ಬರುತ್ತದೆ. ಅದಕ್ಕೆ ಇಲ್ಲಿನ ಹಳಬರ ಉಪಾಯ: ಬೇಸಿಗೆ ಶುರುವಾಗುತ್ತಿದ್ದ ಹಾಗೆ ಗೀಸರ್ ಸ್ವಿಚ್ ಆಫ್ ಮಾಡಿಬಿಡುವುದು. ಗೀಸರ್ ಇರುವುದು ಮನೆಯೊಳಗೆ, ಎ.ಸಿ. ತಂಪಿನಲ್ಲಿ. ಅದರೊಳಗಿನ ನೀರು ತಣ್ಣಗಾಗಿರುತ್ತದೆ. ಆಗ ಕೆಂಪು ಗುರುತಿನ ನಲ್ಲಿಯಲ್ಲಿ ತಣ್ಣೀರು, ನೀಲಿ ಗುರುತಿನದರಲ್ಲಿ ಬಿಸಿನೀರು. ಮಕ್ಕಳಿಗೆ ಹೇಳಿಕೊಡಿ, ಇಲ್ಲವಾದರೆ ಮೈ ಸುಟ್ಟುಕೊಳ್ಳುತ್ತಾರೆ. ಅಕ್ಟೋಬರ್ ಕೊನೆಗೆ ಮತ್ತೆ ಸ್ವಿಚ್ ಹಾಕಿ. ನೀರು ಬಹುಪಾಲು ಸಮುದ್ರದ್ದೇ, ಉಪ್ಪು ತೆಗೆದು ಕೊಡುವುದು. ಘುಬ್ರಾದಲ್ಲಿ 1976ರಿಂದ ಇದೇ ಕೆಲಸ ನಡೆಯುತ್ತಾ ಬಂದಿದೆ.

ಸೆಕೆ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅನುಭವಿಸುತ್ತೀರಿ. ಏಪ್ರಿಲ್‌ನಿಂದ ಅಕ್ಟೋಬರ್ ತನಕ ಬಿಸಿ, ಮೇ ಜೂನ್‌ನಲ್ಲಿ 45 ಡಿಗ್ರಿ ದಾಟಿದರೆ ಯಾರೂ ಆಶ್ಚರ್ಯ ಪಡುವುದಿಲ್ಲ. ಜೂನ್‌ನಿಂದ ಆಗಸ್ಟ್ ತನಕ ಮಧ್ಯಾಹ್ನ 12.30ರಿಂದ 3.30ರವರೆಗೆ ಬಯಲಲ್ಲಿ ಕೆಲಸ ಮಾಡಿಸುವಂತಿಲ್ಲ, ಅದು ಕಾನೂನು. ಕಟ್ಟಡ ಕೆಲಸಕ್ಕೆ ಬಂದ ನಮ್ಮವರು ಯಾರಾದರೂ ಗೊತ್ತಿದ್ದರೆ ಅವರಿಗೆ ಇದನ್ನು ಹೇಳಿ. ಎಷ್ಟೋ ಮಂದಿಗೆ ಮೇಸ್ತ್ರಿ ಹೇಳಿದ್ದೇ ಕಾನೂನು. ನವೆಂಬರ್‌ನಿಂದ ಮಾರ್ಚ್ ತನಕ ಮಾತ್ರ ಈ ಊರು ಸ್ವರ್ಗ.

ಮಳೆ. ಕರಾವಳಿಯಿಂದ ಬಂದ ನಮಗೆ ವರ್ಷಕ್ಕೆ 100 ಮಿ.ಮೀ. ಮಳೆ ಅಂದರೆ ನಗು ಬರುತ್ತದೆ. ಆಗುಂಬೆಯಲ್ಲಿ ಅದು ಒಂದು ಮಧ್ಯಾಹ್ನದ ಮಳೆ. ಆದರೆ ಇಲ್ಲಿ ನಗಬಾರದು. ಬೋಳು ಬಂಡೆ ನೀರನ್ನು ಕುಡಿಯುವುದಿಲ್ಲ. ಎಲ್ಲೋ ಗುಡ್ಡದ ಆಚೆ ಬಿದ್ದ ಮಳೆ ಎರಡು ಗಂಟೆಯ ಮೇಲೆ ನಿಮ್ಮ ಮುಂದಿನ ಒಣ ಹಳ್ಳದಲ್ಲಿ ಕಲ್ಲು ಉರುಳಿಸಿಕೊಂಡು ಬರುತ್ತದೆ, ತಲೆ ಮೇಲೆ ಆಕಾಶ ನೀಲಿಯೇ ಇರುತ್ತದೆ. ಈ ಒಣ ಹಳ್ಳವೇ ವಾದಿ. ವಾದಿ ದಾಟುವ ಕಡೆ ರಸ್ತೆ ಪಕ್ಕ ಆಳದ ಗುರುತು ಹಾಕಿದ ಕಂಬಗಳಿವೆ. ಹರಿಯುವ ವಾದಿಗೆ ಗಾಡಿ ಇಳಿಸುವುದು ಇಲ್ಲಿ ಅಪರಾಧ, ದಂಡವಷ್ಟೇ ಅಲ್ಲ, ಜೈಲೂ ಆಗಬಹುದು. ಪ್ರತಿ ವರ್ಷ "ನನ್ನದು ಫೋರ್ ವೀಲ್, ಏನಾಗಲ್ಲ" ಅನ್ನುವವರು ಕೊಚ್ಚಿ ಹೋಗುತ್ತಾರೆ. 2007ರ ಜೂನ್‌ನಲ್ಲಿ ಗೋನು ಚಂಡಮಾರುತ ಬಂದಾಗ ಕುರುಮ್‌ನ ಅಂಗಡಿ ಸಾಲುಗಳೇ ಮುಳುಗಿದವು, ಸಮುದ್ರದ ನೀರು ಶುದ್ಧ ಮಾಡುವ ಸ್ಥಾವರ ನಿಂತು ಊರಿಗೆ ದಿನಗಟ್ಟಲೆ ಕುಡಿಯುವ ನೀರಿರಲಿಲ್ಲ. 2021ರ ಅಕ್ಟೋಬರ್‌ನಲ್ಲಿ ಶಾಹೀನ್ ಬಂತು. ಅದರ ಹೊಡೆತ ಜಾಸ್ತಿ ಬಿದ್ದದ್ದು ಪಕ್ಕದ ಬಾತಿನಾ ಕರಾವಳಿಗೆ, ಮಸ್ಕತ್‌ನ ತಗ್ಗು ಜಾಗಗಳೂ ಮುಳುಗಿದವು. ಮನೆ ಹುಡುಕುವಾಗ ಬಾಡಿಗೆ ತುಂಬಾ ಕಡಿಮೆ ಅನ್ನಿಸಿದರೆ ಒಂದು ಸಲ ಹಿಂದೆ ಹೋಗಿ ನೋಡಿ, ವಾದಿ ಇರಬಹುದು.

ಇನ್ನು ಡ್ರೈವಿಂಗ್ ಲೈಸೆನ್ಸ್. ನಮ್ಮಲ್ಲಿ ಬಹಳ ಮಂದಿಯ ಕಣ್ಣೀರಿನ ಕಥೆ ಇದು. ಊರಿನ ಲೈಸೆನ್ಸ್ ತೋರಿಸಿ ಇಲ್ಲಿಯದು ಪಡೆಯುವ ಹಾಗಿಲ್ಲ, ಹೊಸದಾಗಿ ಪರೀಕ್ಷೆ ಕೊಡಬೇಕು. ಗಾಡಿ ರಸ್ತೆಯ ಬಲಕ್ಕೆ, ಸ್ಟಿಯರಿಂಗ್ ಎಡಕ್ಕೆ. ಕಲಿಸುವುದು ದೊಡ್ಡ ಸ್ಕೂಲುಗಳಿಗಿಂತ ಲೈಸೆನ್ಸ್ ಇರುವ ಒಮಾನಿ ಮೇಷ್ಟ್ರುಗಳು, ತಮ್ಮದೇ ಕಾರಿನಲ್ಲಿ. ಮೊದಲು ಡ್ರಮ್ ಟೆಸ್ಟ್. ಮೈದಾನದಲ್ಲಿ ಡ್ರಮ್ಮುಗಳನ್ನು ನಿಲ್ಲಿಸಿರುತ್ತಾರೆ, ಅವುಗಳ ಮಧ್ಯೆ ರಿವರ್ಸ್‌ನಲ್ಲಿ ಗಾಡಿ ತೂರಿಸಬೇಕು. ಮುಟ್ಟಿದರೆ ಔಟ್. ಹಿಂದಿನ ಕಿಟಕಿಯ ಯಾವ ಮೂಲೆಗೆ ಯಾವ ಡ್ರಮ್ ಕಂಡಾಗ ಎಷ್ಟು ಸುತ್ತು ತಿರುಗಿಸಬೇಕು ಅಂತ ಮೇಷ್ಟ್ರು ಬಾಯಿಪಾಠ ಮಾಡಿಸುತ್ತಾರೆ. ಆಮೇಲೆ ಸ್ಲೋಪ್ ಟೆಸ್ಟ್, ಏರಿನಲ್ಲಿ ನಿಲ್ಲಿಸಿ ಹಿಂದೆ ಜಾರದ ಹಾಗೆ ಹೊರಡುವುದು. ಕೊನೆಗೆ ರೋಡ್ ಟೆಸ್ಟ್. ಪಕ್ಕದಲ್ಲಿ ಪೊಲೀಸ್ ಅಧಿಕಾರಿ ಕೂರುತ್ತಾರೆ, ಯಮೀನ್ (ಬಲ), ಯಸಾರ್ (ಎಡ), ಸೀದಾ, ಇಷ್ಟೇ ಮಾತು. ಊರಲ್ಲಿ ಘಟ್ಟದಲ್ಲಿ ಬಸ್ಸು ಓಡಿಸಿದವರೂ ಇದರಲ್ಲಿ ಫೇಲಾಗುತ್ತಾರೆ, ಯಾಕೆಂದರೆ ಇಲ್ಲಿ ನೋಡುವುದು ಕೈಚಳಕ ಅಲ್ಲ, ಶಿಸ್ತು. ಇಂಡಿಕೇಟರ್ ಹಾಕಿದಿರಾ, ಕನ್ನಡಿ ನೋಡಿದಿರಾ, ರೌಂಡ್‌ಅಬೌಟ್ ಒಳಗಿದ್ದವನಿಗೆ ದಾರಿ ಬಿಟ್ಟಿರಾ. ಒಳಗಿದ್ದವನದ್ದೇ ಮೊದಲ ಹಕ್ಕು, ಮೂಗು ತೂರಿಸುವ ನಮ್ಮ ಅಭ್ಯಾಸ ನಡೆಯುವುದಿಲ್ಲ.

ಹಾರ್ನ್ ಮುಟ್ಟಬೇಡಿ. ಕೈಸನ್ನೆಯಂತೂ ಬೇಡವೇ ಬೇಡ. ಸಿಟ್ಟಿನಲ್ಲಿ ಯಾರಿಗಾದರೂ ಬೈದರೆ, ಅಸಹ್ಯವಾಗಿ ಕೈ ತೋರಿಸಿದರೆ, ಅವರು ಪೊಲೀಸಿಗೆ ದೂರು ಕೊಡಬಹುದು, ಕೇಸೂ ಆಗುತ್ತದೆ. ಕಾರು ತೀರಾ ಧೂಳು ಹಿಡಿದಿದ್ದರೂ ದಂಡ ಬೀಳಬಹುದು. ಗಾಡಿ ಬೇಡ ಅನ್ನುವವರಿಗೆ ಸರ್ಕಾರಿ ಸಾರಿಗೆ ಕಂಪನಿ ಮ್ವಾಸಲಾತ್‌ನ ಕೆಂಪು ಬಸ್ಸುಗಳಿವೆ. ರೂವಿಯಿಂದ ಮಾಬೇಲಾ ತನಕ ಒಂದನೇ ನಂಬರಿನ ಬಸ್ಸು ದೊಡ್ಡ ರಸ್ತೆ ಹಿಡಿದೇ ಹೋಗುತ್ತದೆ. ಊರು ನೋಡಬೇಕು ಅನ್ನಿಸಿದರೆ ಮೊದಲ ವಾರವೇ ಅದರಲ್ಲಿ ಕೂತು ಈ ತುದಿಯಿಂದ ಆ ತುದಿಗೆ ಹೋಗಿ ಬನ್ನಿ.

ಕಾಗದಪತ್ರ. ಇದನ್ನು ಬೇಗ ಮುಗಿಸುತ್ತೇನೆ, ಆದರೆ ಊರಲ್ಲಿ ಹೊರಡಲು ಕಾದಿರುವವರಿಗೆ ದಯವಿಟ್ಟು ತಲುಪಿಸಿ. ಕೆಲಸಕ್ಕೆ ಬರುವುದಾದರೆ ಕೆಲಸದ ವೀಸಾದಲ್ಲೇ ಬರಬೇಕು. "ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸಿ ಕೊಡ್ತೇವೆ" ಅನ್ನುವ ಏಜೆಂಟರ ಮಾತು ನಂಬಿ ಬಂದ ಹೆಂಗಸರು, ಹುಡುಗರು ಸಂಬಳ ಇಲ್ಲದೆ ಸಿಕ್ಕಿಹಾಕಿಕೊಂಡಿದ್ದನ್ನು ಇಲ್ಲಿ ಕಂಡವರಿಗೆ ಗೊತ್ತು. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಒಮಾನ್‌ಗೆ ಬರಲು ನಮ್ಮ ಸರ್ಕಾರದ ಎಮಿಗ್ರೇಷನ್ ಒಪ್ಪಿಗೆ ಬೇಕು. ಅದು ಕಿರಿಕಿರಿ ಅಲ್ಲ, ರಕ್ಷಣೆ. ಪಾಸ್‌ಪೋರ್ಟ್ ನಿಮ್ಮ ಕೈಯಲ್ಲೇ ಇರಬೇಕು. ಮೊದಲೆಲ್ಲ ಕೆಲಸ ಬದಲಾಯಿಸಲು ಹಳೆ ಧಣಿಯ ಎನ್‌ಒಸಿ (ಒಪ್ಪಿಗೆ ಪತ್ರ) ಬೇಕಿತ್ತು, ಇಲ್ಲದಿದ್ದರೆ ಎರಡು ವರ್ಷ ವಾಪಸ್ ಬರುವ ಹಾಗಿರಲಿಲ್ಲ. 2021ರ ಜನವರಿಯಿಂದ ಅದು ಹೋಯಿತು, ಕರಾರು ಮುಗಿದ ಮೇಲೆ ಬೇರೆ ಕಡೆ ಹೋಗಬಹುದು. ಹಾಗಂತ ಕೆಲಸ ಸುಲಭಕ್ಕೆ ಸಿಗುತ್ತದೆ ಅಂತಲ್ಲ. ಒಮಾನೀಕರಣ ಅಂತ ಇದೆ, ಹಲವು ಹುದ್ದೆಗಳು ಇಲ್ಲಿಯವರಿಗೇ ಮೀಸಲು, ಆ ಪಟ್ಟಿ ಬೆಳೆಯುತ್ತಲೇ ಇದೆ. ಅದಕ್ಕೆ ನಮ್ಮವರು ಗೊಣಗುವುದು ನನಗೆ ಸರಿ ಕಾಣುವುದಿಲ್ಲ. ಅವರ ಮಕ್ಕಳೂ ಓದಿದ್ದಾರೆ, ಅವರಿಗೂ ಕೆಲಸ ಬೇಕು. ನಮ್ಮೂರಲ್ಲಿ ನಾವೂ ಅದನ್ನೇ ಕೇಳುತ್ತೇವೆ ಅಲ್ವಾ.

ದುಡ್ಡು: ಒಂದು ರಿಯಾಲ್‌ಗೆ 1000 ಬೈಸಾ. 1986ರಿಂದ ಡಾಲರ್‌ಗೆ ಕಟ್ಟಿಹಾಕಿದ್ದಾರೆ, ಒಂದು ರಿಯಾಲ್ ಅಂದರೆ ಸುಮಾರು 2.60 ಡಾಲರ್. ಹಾಗಾಗಿ ಅಂಗಡಿಯಲ್ಲಿ ಚೀಟಿ ಮೇಲೆ ಪುಟ್ಟ ಸಂಖ್ಯೆ ಕಂಡು ಮೋಸ ಹೋಗಬೇಡಿ. ಹಾಗೇ ಪ್ರತಿಯೊಂದನ್ನೂ ರೂಪಾಯಿಗೆ ಗುಣಿಸುತ್ತಲೂ ಕೂರಬೇಡಿ, ಒಂದು ಕಟ್ಟು ಕೊತ್ತಂಬರಿ ಕೊಳ್ಳೋಕೂ ಕೈ ಬರುವುದಿಲ್ಲ.

ಒಮಾನಿಗಳ ಬಗ್ಗೆ ಹೇಳದಿದ್ದರೆ ಈ ಮಾತು ಪೂರ್ತಿ ಆಗುವುದಿಲ್ಲ. ನಮ್ಮಲ್ಲಿ ತುಂಬಾ ಜನ ಹತ್ತಿಪ್ಪತ್ತು ವರ್ಷ ಇಲ್ಲಿದ್ದು, ಒಬ್ಬ ಒಮಾನಿಯ ಮನೆಗೂ ಹೋಗದೆ ವಾಪಸ್ ಹೋಗುತ್ತಾರೆ. ಶುಕ್ರವಾರ ಬಂದರೆ ನಮ್ಮ ನಮ್ಮವರ ಮನೆ, ನೀರ್ ದೋಸೆ, ಕೋಳಿ ಸಾರು, ನವೆಂಬರ್‌ನಲ್ಲಿ ರಾಜ್ಯೋತ್ಸವ, ಊರಿಂದ ಮೇಳ ಬಂದರೆ ಯಕ್ಷಗಾನ. ಅದೆಲ್ಲ ಬೇಕು, ನಾನೂ ಮುಂದಿನ ಸಾಲಲ್ಲೇ ಕೂರುತ್ತೇನೆ. ಆದರೆ ಅಷ್ಟೇ ಆದರೆ ನಷ್ಟ. ಇವರು ಬಂದರಿನ ಜನ. ಜಂಜೀಬಾರ್ ಒಂದು ಕಾಲದಲ್ಲಿ ಮಸ್ಕತ್ ಸುಲ್ತಾನರ ಕೈಯಲ್ಲಿತ್ತು, 1964ರ ಕ್ರಾಂತಿಯ ನಂತರ ಅಲ್ಲಿಂದ ಬಂದ ಎಷ್ಟೋ ಕುಟುಂಬಗಳು ಮನೆಯಲ್ಲಿ ಇವತ್ತಿಗೂ ಸ್ವಾಹಿಲಿ ಮಾತಾಡುತ್ತವೆ. ಬಲೂಚಿ ಮಾತಾಡುವ ಒಮಾನಿಗಳಿದ್ದಾರೆ. ಮತ್ರಾದಲ್ಲಿ ಸಿಂಧಿ, ಕಛ್ಛಿ ಛಾಯೆಯ ಮಾತಾಡುವ ಲವಾತಿಯಾ ಸಮುದಾಯದವರಿಗೆ ತಮ್ಮದೇ ಗೋಡೆಯೊಳಗಿನ ಕೇರಿ ಇದೆ. ಕಛ್ಛದಿಂದ ಬಂದ ಭಾಟಿಯಾ ವ್ಯಾಪಾರಿಗಳು ಎಷ್ಟು ಬೇರೂರಿದ್ದಾರೆ ಅಂದರೆ, ಖಿಮ್‌ಜಿ ರಾಮದಾಸ್ ಮನೆತನದ ಕನಕ್‌ಸಿ ಖಿಮ್‌ಜಿ ಅವರಿಗೆ ಇಲ್ಲಿ ಶೇಖ್ ಅನ್ನುವ ಬಿರುದೇ ಸಿಕ್ಕಿತು, ಹಿಂದೂವೊಬ್ಬರಿಗೆ. ಹಳೆ ಮಸ್ಕತ್‌ನಲ್ಲಿ ಅರಮನೆಗೆ ಹತ್ತಿರವೇ ಶಿವನ ಗುಡಿ ಇದೆ, ದಾರ್ಸೈತ್‌ನಲ್ಲಿ ಕೃಷ್ಣನದ್ದು. ರೂವಿಯಲ್ಲಿ, ಘಲಾದಲ್ಲಿ ಚರ್ಚುಗಳಿವೆ. ನಿಮ್ಮ ಹರಕುಮುರುಕು ಹಿಂದಿ ಇಲ್ಲಿ ಟ್ಯಾಕ್ಸಿಯವನಿಗೂ ಅರ್ಥವಾಗುತ್ತದೆ. ಆದರೆ ಸಲಾಂ, ಹೇಗಿದ್ದೀರಿ, ಮನೆಯವರೆಲ್ಲ ಹೇಗಿದ್ದಾರೆ, ಇಷ್ಟನ್ನಾದರೂ ಅರಬ್ಬಿಯಲ್ಲಿ ಕಲಿಯಿರಿ. ಕುಶಲ ಕೇಳದೆ ನೇರ ಕೆಲಸದ ಮಾತಿಗೆ ಇಳಿದರೆ ಇವರಿಗೆ ಒರಟು ಅನ್ನಿಸುತ್ತದೆ.

ಮನೆಗೆ ಕರೆದರೆ ಹೋಗಿ. ಚಪ್ಪಲಿ ಹೊರಗೆ. ನೆಲದ ಮೇಲೆ ಕೂರಿಸುತ್ತಾರೆ. ಮೊದಲು ಖರ್ಜೂರ ಅಥವಾ ಹಲ್ವಾ, ಆಮೇಲೆ ಕಹ್ವಾ, ಅಂದರೆ ಇಲ್ಲಿನ ಕಾಫಿ. ಹಿಡಿ ಇಲ್ಲದ ಪುಟಾಣಿ ಬಟ್ಟಲು, ತಳದಲ್ಲಿ ಸ್ವಲ್ಪವೇ ಹಾಕಿರುತ್ತಾರೆ, ಏಲಕ್ಕಿ ಘಮ, ಸಕ್ಕರೆ ಇಲ್ಲ. ಬಲಗೈಯಲ್ಲೇ ತಗೊಳ್ಳಿ. ಕುಡಿದು ಬಟ್ಟಲು ಚಾಚಿದರೆ ಮತ್ತೆ ಹಾಕುತ್ತಾರೆ. ಇನ್ನೊಮ್ಮೆ ಚಾಚಿದರೆ ಇನ್ನೊಮ್ಮೆ. ಸಾಕು ಅನ್ನಿಸಿದಾಗ ಬಟ್ಟಲನ್ನು ಆ ಕಡೆ ಈ ಕಡೆ ಅಲ್ಲಾಡಿಸಿ ಕೊಡಬೇಕು. ಈ ಗುಟ್ಟು ಗೊತ್ತಿಲ್ಲದವರು ದಾಕ್ಷಿಣ್ಯಕ್ಕೆ ಕುಡಿಯುತ್ತಲೇ ಕೂತು ರಾತ್ರಿ ನಿದ್ದೆ ಕೆಡಿಸಿಕೊಳ್ಳುತ್ತಾರೆ. ರಂಜಾನ್ ತಿಂಗಳಲ್ಲಿ ಹಗಲು ಹೊರಗೆ ತಿನ್ನುವುದು, ನೀರು ಕುಡಿಯುವುದು ಬೇಡ, ಕಾರಿನೊಳಗೂ ಬೇಡ. ಬಜಾರಿಗೆ, ಸರ್ಕಾರಿ ಕಚೇರಿಗೆ ಹೋಗುವಾಗ ಭುಜ, ಮೊಣಕಾಲು ಮುಚ್ಚುವ ಬಟ್ಟೆ, ಗಂಡಸರಿಗೂ ಸೇರಿಸಿಯೇ ಹೇಳುತ್ತಿದ್ದೇನೆ. ನಿಕ್ಕರ್ ಹಾಕಿಕೊಂಡು ಲೇಬರ್ ಆಫೀಸಿಗೆ ಹೋಗಬೇಡಿ.

ಈ ಬಂದರಿನ ಮುಖ ನೋಡಬೇಕಾದರೆ ಬೆಳಿಗ್ಗೆ ಮತ್ರಾಕ್ಕೆ ಹೋಗಿ. ಸರಕು ಹಡಗುಗಳು ಈಗ ಇಲ್ಲಿಗೆ ಹೆಚ್ಚಾಗಿ ಬರುವುದಿಲ್ಲ, 2014ರಲ್ಲಿ ಆ ಕೆಲಸ ಬಹುಪಾಲು ಸೊಹಾರ್ ಬಂದರಿಗೆ ಹೋಯಿತು. ಚಳಿಗಾಲದಲ್ಲಿ ಪ್ರವಾಸಿ ಹಡಗು, ಒಂದು ಕಡೆ ಸುಲ್ತಾನರ ವಿಹಾರ ನೌಕೆ, ಇನ್ನೊಂದು ಕಡೆ ಮೀನಿನ ದೋಣಿ. ಬಂದರಿನ ತುದಿಯಲ್ಲೇ ಮೀನು ಮಾರ್ಕೆಟ್ಟು, 2017ರಲ್ಲಿ ಕಟ್ಟಿದ ಹೊಸ ಕಟ್ಟಡ. ಕಲ್ಲಿನ ಕಟ್ಟೆ ಮೇಲೆ ಟ್ಯೂನಾ ಮಲಗಿರುತ್ತದೆ, ಒಬ್ಬ ಆಳು ಎತ್ತಲಾರದಷ್ಟು ದೊಡ್ಡದು. ಪಕ್ಕದಲ್ಲಿ ನಮ್ಮ ಅಂಜಲ್, ಬಂಗುಡೆ, ಬೂತಾಯಿ. ಮಾರುವವನು ತಲೆಗೆ ಕಸೂತಿ ಹಾಕಿದ ಕುಮ್ಮಾ ಟೋಪಿ ಇಟ್ಟು ಸ್ಟೂಲಿನ ಮೇಲೆ ಕೂತಿರುತ್ತಾನೆ, ಅವಸರ ಇಲ್ಲ. ಕಿವಿರು ಎತ್ತಿ ನೋಡಿದರೆ ಬೇಜಾರಿಲ್ಲ, ತಾನೇ ಎತ್ತಿ ತೋರಿಸುತ್ತಾನೆ. ಚೌಕಾಸಿ ಮಾಡಿ, ಆದರೆ ನಗುತ್ತಾ ಮಾಡಿ. ಮೀನು ತಗೊಂಡು ಆ ಕಡೆ ಹೋದರೆ ಕೊಯ್ದು ಕೊಡುವವರು ಬೇರೆ, ಅದರ ದುಡ್ಡೂ ಬೇರೆ. ಸಾರಿಗೆ ಬೇಕಾ, ಫ್ರೈಗೆ ಬೇಕಾ ಅಂತ ಮೊದಲೇ ಹೇಳಿಬಿಡಿ. ನಮ್ಮ ಕಡೆ ಜೂನ್ ಜುಲೈನಲ್ಲಿ ಬೋಟು ನಿಲ್ಲಿಸುವ ಹಾಗೆ ಇಲ್ಲಿ ಆಗಸ್ಟ್ 15ರಿಂದ ಅಕ್ಟೋಬರ್ 15ರ ತನಕ ಅಂಜಲ್ ಹಿಡಿಯುವುದು, ಮಾರುವುದು ನಿಷೇಧ. ಆ ಎರಡು ತಿಂಗಳು ಯಾರಾದರೂ ಗುಟ್ಟಾಗಿ ಅಂಜಲ್ ಕೊಡುತ್ತೇನೆ ಅಂದರೆ ದೂರ ಇರಿ.

ಇಷ್ಟು ಹೇಳಿ ನಿಲ್ಲಿಸಿದೆ. ಆಮೇಲೆ ಬಂದ ಪ್ರಶ್ನೆಗಳಲ್ಲಿ ಎಲ್ಲರಿಗೂ ಉಪಯೋಗ ಆಗುವಂಥವನ್ನು ಇಲ್ಲಿ ಸೇರಿಸುತ್ತಿದ್ದೇನೆ.

"ಮಕ್ಕಳ ಶಾಲೆಗೆ ಏನು ಮಾಡೋದು ಸರ್?" ಭಾರತೀಯ ಶಾಲೆಗಳು ಸಾಕಷ್ಟಿವೆ, ಸಿಬಿಎಸ್‌ಇ. ಹಳೆಯದು ದಾರ್ಸೈತ್‌ನಲ್ಲಿರುವ ಇಂಡಿಯನ್ ಸ್ಕೂಲ್ ಮಸ್ಕತ್, 1975ರದ್ದು. ರಾಜಧಾನಿಯ ಶಾಲೆಗಳಿಗೆ ಒಟ್ಟಾಗಿ ಆನ್‌ಲೈನ್ ಅರ್ಜಿ, ಡ್ರಾ ಎತ್ತಿ ಸೀಟು. ವರ್ಷದ ಆರಂಭದಲ್ಲೇ ಅರ್ಜಿ ಹಾಕಿ. ಶಾಲೆ ಗೊತ್ತಾದ ಮೇಲೆ ಮನೆ ಮಾಡಿದರೆ ಒಳ್ಳೆಯದು, ತಿರುಗಾಮುರುಗಾ ಮಾಡಿದರೆ ಮಗು ದಿನಾ ಬಸ್ಸಿನಲ್ಲಿ ಗುಡ್ಡ ಸುತ್ತುತ್ತದೆ.

"ಅಪ್ಪ ಅಮ್ಮನ್ನ ಯಾವಾಗ ಕರೆಸಲಿ?" ನವೆಂಬರ್‌ನಿಂದ ಫೆಬ್ರವರಿ. ಮೇ ತಿಂಗಳ ರಜೆಗೆ ಕರೆಸಿ ನಾಲ್ಕು ಗೋಡೆ ಮಧ್ಯೆ ಎ.ಸಿ. ಹಾಕಿ ಕೂರಿಸಬೇಡಿ ಮಾರಾಯ್ರೆ, ಅವರು ಎರಡನೇ ವಾರಕ್ಕೆ ಟಿಕೆಟ್ ಮಾಡಿಸು ಅನ್ನುತ್ತಾರೆ. ಅವರ ಮಾತ್ರೆಗಳ ಜೊತೆ ಡಾಕ್ಟರ ಚೀಟಿ ಇರಲಿ.

"ಒಂದೇ ರಜೆ ಸಿಕ್ಕಿದ್ರೆ ಎಲ್ಲಿಗೆ ಹೋಗೋದು?" ಶುಕ್ರವಾರ ಬೆಳಕು ಹರಿಯುವ ಮೊದಲೇ ಹೊರಟು ನಿಜ್ವಾ ಪಟ್ಟಣದ ಆಡಿನ ಸಂತೆಗೆ ಹೋಗಿ. ವೃತ್ತದ ಸುತ್ತ ಜನ ಕೂತಿರುತ್ತಾರೆ, ಮಾರುವವರು ಆಡು ಹಿಡಿದುಕೊಂಡು ಒಳಗೆ ಸುತ್ತು ಹಾಕುತ್ತಾ ಬೆಲೆ ಕೂಗುತ್ತಾರೆ. ಸೆಕೆ ಏರುವ ಮೊದಲೇ ಮುಗಿದುಹೋಗುತ್ತದೆ.

ಕೊನೆಗೆ ಹಿಂದಿನ ಸಾಲಿನಿಂದ ಕುಂದಾಪುರದ ಕಡೆಯ ಒಬ್ಬರು ಅಕ್ಕ ಕೇಳಿದರು, "ಊರಿಂದ ಅಡುಗೆಗೆ ಏನೆಲ್ಲ ತರ್ಕ್?" ಕುಚ್ಚಲಕ್ಕಿ ಇಲ್ಲಿ ಸಿಗುತ್ತದೆ. ಬ್ಯಾಡಗಿ ಮೆಣಸು ಸಿಗುತ್ತದೆ, ಆದರೆ ಊರಿನದರ ಬಣ್ಣ ಇಲ್ಲ, ಅದನ್ನು ತನ್ನಿ. ಗಸಗಸೆ ಮಾತ್ರ ಒಂದು ಚಮಚವೂ ಬೇಡ. ಕೊಲ್ಲಿಯ ಹಲವು ದೇಶಗಳಲ್ಲಿ ಅದು ಮಾದಕ ವಸ್ತುವಿನ ಲೆಕ್ಕ, ದಾರಿಯಲ್ಲಿ ದುಬೈನಲ್ಲೋ ದೋಹಾದಲ್ಲೋ ವಿಮಾನ ಬದಲಿಸುವವರಂತೂ ಮಸಾಲೆ ಪುಡಿಯಲ್ಲೂ ಹಾಕಿಸಬೇಡಿ. ತೆಂಗಿನಕಾಯಿ ಹೊತ್ತು ತರುವುದು ಬೇಡ, ಒಮಾನ್‌ನ ದಕ್ಷಿಣ ತುದಿ ಸಲಾಲಾದಲ್ಲಿ ನಮ್ಮ ಮುಂಗಾರಿನ ಸೆರಗು ತಗುಲಿ ತೆಂಗಿನ ತೋಟಗಳೇ ಇವೆ. ಆದರೆ ತುರಿಯುವ ಮಣೆ ತನ್ನಿ ಅಕ್ಕ, ಕ್ಯಾಬಿನ್ ಬ್ಯಾಗಿನಲ್ಲಲ್ಲ, ಲಗೇಜಿನಲ್ಲಿ.